ಹತ್ತು ಗ್ರಾಂ ಸೊಪ್ಪಿಗೆ ಎಷ್ಟು ವರ್ಷದ ಜೀತ?

ಗೆಳೆಯರೆ, ಮೊದಲಿಗೇ ಒಂದು ಮಾತು. ನಾವು ಗಾಂಜಾದ ಪರ ವಕಾಲತ್ತು ವಹಿಸಿ ಬರೆಯುತ್ತಿಲ್ಲ. ಕೇರಿಯ ಹುಡುಗರ ಕೈಗೆ ಪುಸ್ತಕ ಬರಲಿ ಅಂತ ಹೊರಟವರು ನಾವು. ಆ ಕೈಯಲ್ಲಿ ಸೊಪ್ಪಿನ ಪೊಟ್ಟಣ ಕಂಡರೆ ನಮಗೆ ಸಂಕಟವೇ ಆಗುತ್ತದೆ. ಆದರೆ ಅಮಲಿನ ವಿರುದ್ಧ ಮಾತಾಡುವುದು ಬೇರೆ, ಅಮಲಿನ ಹೆಸರಲ್ಲಿ ಇಪ್ಪತ್ತರ ಹುಡುಗನ ಬದುಕನ್ನೇ ಮುರಿದು ಮೂಲೆಗೆ ಎಸೆಯುವುದನ್ನು ಕಂಡೂ ಬಾಯಿ ಮುಚ್ಚಿಕೊಂಡಿರುವುದು ಬೇರೆ.

ಶಿವಮೊಗ್ಗ, ಭದ್ರಾವತಿಗಳಲ್ಲಿ ಪೇಪರ್ ಬಿಚ್ಚಿದರೆ ಸಾಕು, ಒಂದು ಮೂಲೆಯಲ್ಲಿ ಗಾಂಜಾ ಸುದ್ದಿ. ಅನುಮಾನದ ಮೇಲೆ ಹಿಡಿದರು, ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಿದರು, ಸೇವನೆ ದೃಢಪಟ್ಟಿತು, ಪ್ರಕರಣ ದಾಖಲಾಯಿತು. ನಾಲ್ಕೇ ಸಾಲು. ಓದಿದವರು ಕಾಫಿ ಮುಗಿಸಿ ಪುಟ ತಿರುವುತ್ತಾರೆ. ಆ ನಾಲ್ಕು ಸಾಲಿನೊಳಗೆ ಸಿಕ್ಕಿಕೊಂಡ ಹುಡುಗನ ಪುಟ ಮಾತ್ರ ತಿರುಗುವುದೇ ಇಲ್ಲ.

ಯಾಕೆ ತಿರುಗುವುದಿಲ್ಲ? ಜೈಲಿಗೆ ಹೋದ ಅಂತಲೆ? ಅಲ್ಲ. ಹತ್ತು ಇಪ್ಪತ್ತು ಗ್ರಾಂ ಇಟ್ಟುಕೊಂಡು ಮೊದಲ ಸಲ ಸಿಕ್ಕಿಬಿದ್ದ ಹುಡುಗ ಬಹಳ ದಿನ ಒಳಗಿರದೆಯೂ ಹೋಗಬಹುದು. ಅವನನ್ನು ಮುಗಿಸುವುದು ಕೋರ್ಟಿನ ಅಂಗಳದಲ್ಲಿ ನಾಲ್ಕು ಜನ ಬುದ್ಧಿವಂತರು ಕೊಡುವ ಒಂದು ಉಪದೇಶ: ‘ಹೋಗ್ಲಿ ಬಿಡೊ, ಒಪ್ಕೊಂಡು ಫೈನ್ ಕಟ್ಟಿ ಮುಗಿಸ್ಕೊ.’ ಅಲ್ಲಿಗೆ ಮುಗಿಯುತ್ತದೆ ಅಂತ ಅವನ ಅವ್ವ ದೇವರಿಗೆ ಕೈ ಮುಗಿಯುತ್ತಾಳೆ. ಜೀತ ಶುರುವಾಗುವುದೇ ಅಲ್ಲಿಂದ. ಈ ಬರಹ ಇರುವುದು ಆ ಉಪದೇಶದ ವಿರುದ್ಧ, ಮತ್ತು ಆ ಉಪದೇಶ ಬಿಟ್ಟರೆ ಬೇರೆ ದಾರಿಯನ್ನೇ ನಮ್ಮ ಹುಡುಗರಿಗೆ ತೋರಿಸದ ವ್ಯವಸ್ಥೆಯ ವಿರುದ್ಧ.

ಕಾನೂನು ಏನು ಹೇಳುತ್ತದೆ ನೋಡೋಣ. 1985ರ ನವೆಂಬರ್ 14. ಶಾಲೆಗಳಲ್ಲಿ ಮಕ್ಕಳ ದಿನಾಚರಣೆಯ ಮಿಠಾಯಿ ಹಂಚುವ ದಿನ. ಅದೇ ದಿನ ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯಿದೆ ಜಾರಿಗೆ ಬಂತು. ಪೊಲೀಸರ ಬಾಯಲ್ಲಿ ಅದು ಎನ್‌ಡಿಪಿಎಸ್. ಅಲ್ಲಿಯವರೆಗೆ ಅಬಕಾರಿ ಕಾನೂನಿನಡಿ ಇದ್ದ ಗಾಂಜಾ ಅಂದಿನಿಂದ ಈ ದೇಶದ ಅತ್ಯಂತ ಬಿಗಿಯಾದ ಕಾಯಿದೆಯೊಂದರ ಕೈಗೆ ಬಿತ್ತು. 2001ರಲ್ಲಿ ತೂಕದ ಲೆಕ್ಕ ಬಂತು. ಗಾಂಜಾ 1 ಕಿಲೋದವರೆಗೆ ‘ಸಣ್ಣ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ಸಣ್ಣ ಪ್ರಮಾಣ ಇಟ್ಟುಕೊಂಡಿದ್ದರೆ 20ನೇ ಕಲಮಿನ ಪ್ರಕಾರ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಈ ಸಜೆ ಮುಂಚೆ 6 ತಿಂಗಳಿತ್ತು, 2014ರ ತಿದ್ದುಪಡಿಯಲ್ಲಿ ದುಪ್ಪಟ್ಟಾಯಿತು. ಒಂದು ಕಿಲೋ ದಾಟಿ 20 ಕಿಲೋ ಒಳಗಿದ್ದರೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಅದಕ್ಕೂ ಮೇಲಾದರೆ 10ರಿಂದ 20 ವರ್ಷ, ಜಾಮೀನು ಅನ್ನುವುದು ಕನಸು. ಇಟ್ಟುಕೊಂಡದ್ದಕ್ಕಲ್ಲ, ಸೇದಿದ್ದಕ್ಕೆ ಮಾತ್ರ ಅಂದರೆ 27ನೇ ಕಲಮು: ಗಾಂಜಾಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000ದವರೆಗೆ ದಂಡ ಅಥವಾ ಎರಡೂ.

20 ಮತ್ತು 27. ಈ ಎರಡು ಅಂಕಿಗಳನ್ನು ಮೇಷ್ಟ್ರುಗಳು ಬೋರ್ಡಿನ ಮೇಲೆ ಬರೆದು ಹೇಳಿಕೊಡಬೇಕು. ನಮ್ಮ ಹುಡುಗನ ಹಣೆಬರಹ ಈ ಎರಡರ ನಡುವೆ ಇದೆ. ಮೊದಲ ತಪ್ಪಿಗೆ ಸಜೆ ಕೊಡದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಕಾನೂನು ಈ ದೇಶದಲ್ಲಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಅದು, ಜನ ಪ್ರೊಬೇಷನ್ ಅನ್ನುತ್ತಾರೆ. ಅದರಡಿ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಬಾರದು ಎಂದು ಅದೇ ಕಾಯಿದೆಯ 12ನೇ ಕಲಮು ಹೇಳುತ್ತದೆ. ಆದರೆ ಎನ್‌ಡಿಪಿಎಸ್‌ನ 33ನೇ ಕಲಮು ಅಡ್ಡ ಬಂದು ನಿಲ್ಲುತ್ತದೆ: 18 ತುಂಬಿದವನಿಗೆ ಈ ಕರುಣೆ ಇಲ್ಲ, 26 ಅಥವಾ 27ನೇ ಕಲಮಿನ ಕೇಸಾಗಿದ್ದರೆ ಮಾತ್ರ ಉಂಟು. ಅಂದರೆ ಸೇದಿದವನಿಗೆ ಪ್ರೊಬೇಷನ್ ಉಂಟು, ಸೇದಲೆಂದು ಜೇಬಿನಲ್ಲಿ ಹತ್ತು ಗ್ರಾಂ ಇಟ್ಟುಕೊಂಡವನಿಗೆ ಇಲ್ಲ! ಹದಿನೇಳು ವರ್ಷ ಹನ್ನೊಂದು ತಿಂಗಳಿಗೆ ಮಗು, ಬಾಲನ್ಯಾಯ ಕಾನೂನಿನ ಆಸರೆ. ಮುಂದಿನ ತಿಂಗಳಿಗೆ ಅಪರಾಧಿ. ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಕೇರಿಗಳು ನಮ್ಮವು. ಅಂದಾಜಿನ ಆ ತಾರೀಖು ಇಲ್ಲಿ ಒಬ್ಬನ ಬಾಳನ್ನು ನಿರ್ಧರಿಸುತ್ತದೆ.

ಇನ್ನೂ ಒಂದು ವಿಚಿತ್ರ ಇದೆ. ಗಾಂಜಾಕ್ಕೆ ದಾಸನಾದವನಿಗೆ ಕಾನೂನು ಎರಡು ಬಾಗಿಲು ತೆರೆದಿಟ್ಟಿದೆ. 64ಎ ಕಲಮಿನಂತೆ, ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. 39ನೇ ಕಲಮಿನಂತೆ, ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೂ ಸಜೆಯ ಬದಲು ಚಿಕಿತ್ಸೆಗೆ ಕಳಿಸಬಹುದು. ಒಳ್ಳೆಯದೇ. ಆದರೆ ಹಬ್ಬದ ರಾತ್ರಿ ಗೆಳೆಯರ ಜೊತೆ ಮೊದಲ ಸಲ ಎರಡು ದಮ್ಮು ಎಳೆದ ಹುಡುಗ? ಅವನು ವ್ಯಸನಿ ಅಲ್ಲ. ಆದ್ದರಿಂದ ಅವನಿಗೆ ಈ ಬಾಗಿಲುಗಳಿಲ್ಲ. ಚಟ ಹತ್ತಿಸಿಕೊಂಡವನಿಗೆ ಔಷಧಿ, ಚಟ ಹತ್ತದವನಿಗೆ ಕಠಿಣ ಸಜೆ. ಯಾವ ನ್ಯಾಯ ಇದು?

ಈಗ ಸ್ಟೇಷನ್ನಿಗೆ ಬನ್ನಿ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹತ್ತೊಂಬತ್ತು ವರ್ಷ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡಿ ಕೆಲಸ ಕಳೆದುಕೊಂಡವನು. ಹುಡುಗ ಗೆಳೆಯನ ಬೈಕಿನ ಹಿಂದೆ ಕೂತಿದ್ದಾನೆ. ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕಿತು. ‘ನಂಗೆ ಗೊತ್ತಿಲ್ಲ ಸಾರ್’ ಅನ್ನುತ್ತಾನೆ. ಉಳಿದ ಕೇಸುಗಳಲ್ಲಿ ಆರೋಪ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಇಲ್ಲಿ ವಶದಲ್ಲಿತ್ತು ಅಂತ ತೋರಿಸಿದರೆ ಸಾಕು, ಗೊತ್ತಿದ್ದೇ ಇಟ್ಟುಕೊಂಡಿದ್ದ ಅಂತ ಕೋರ್ಟು ಭಾವಿಸುತ್ತದೆ. ಗೊತ್ತಿರಲಿಲ್ಲ ಅನ್ನುವುದನ್ನು ಹುಡುಗನೇ ಸಾಬೀತು ಮಾಡಬೇಕು. 35 ಮತ್ತು 54ನೇ ಕಲಮುಗಳ ಮಹಿಮೆ ಇದು.

ಅದೇ ಕಾಯಿದೆ ಅವನಿಗೆ ಕೊಟ್ಟ ರಕ್ಷಣೆಯನ್ನು ಅವನಿಗೆ ಯಾರು ಹೇಳುತ್ತಾರೆ? ಮೈ ತಡಕುವ ಮುಂಚೆ ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಅಂತ ಪೊಲೀಸರು ಹೇಳಲೇಬೇಕು. 50ನೇ ಕಲಮು ಇದು, 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿದದ್ದು. ಇದು ಮೈಗೆ ಮಾತ್ರ, ಕೈಚೀಲಕ್ಕೆ ಅನ್ವಯಿಸುವುದಿಲ್ಲ ಅಂತ 2005ರಲ್ಲಿ ಅದೇ ಕೋರ್ಟು ಹೇಳಿತು. ಆದ್ದರಿಂದ ಪಂಚನಾಮೆಯಲ್ಲಿ ಸೊಪ್ಪು ಜೇಬಿನಲ್ಲಿ ಸಿಕ್ಕಿತೋ ಚೀಲದಲ್ಲಿ ಸಿಕ್ಕಿತೋ ಅನ್ನುವ ಒಂದು ಪದ ಕೇಸಿನ ದಿಕ್ಕನ್ನೇ ಬದಲಿಸುತ್ತದೆ. ತೂಕವೂ ಹಾಗೆ. ಕಾಯಿದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಹಸಿ ಗಿಡವನ್ನು ಬೇರು, ಕಾಂಡ, ಮಣ್ಣಿನ ಸಮೇತ ತಕ್ಕಡಿಗೆ ಹಾಕಿದರೆ ಕಿಲೋ ಗೆರೆ ದಾಟುವುದು ಎಷ್ಟು ಹೊತ್ತು? ಆ ಗೆರೆಯ ಈಚೆ 1 ವರ್ಷ, ಆಚೆ 10 ವರ್ಷ. ತಕ್ಕಡಿ ಹಿಡಿದವನು ಯಾರು, ತಕ್ಕಡಿಯ ಕೆಳಗೆ ನಿಂತವನು ಯಾರು ಅನ್ನುವುದನ್ನು ಈ ದೇಶದ ಚರಿತ್ರೆ ನಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಸಣ್ಣ ಪ್ರಮಾಣದ ಕೇಸಿಗೆ ಹಿಡಿದು ಒಳಗೆ ಹಾಕಲೇಬೇಕು ಅನ್ನುವ ನಿಯಮವೂ ಇಲ್ಲ. 7 ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಕಣ್ಣು ಮುಚ್ಚಿ ಬಂಧಿಸಬೇಡಿ, ನೋಟೀಸು ಕೊಟ್ಟು ಕರೆಸಿ ಅಂತ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿ ಅದೇ ನೋಟೀಸಿನ ವ್ಯವಸ್ಥೆ ಇದೆ. ಬಂಧಿಸಿದರೆ ಯಾಕೆ ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲನನ್ನು ಕಾಣುವ ಹಕ್ಕು ಬಾಬಾಸಾಹೇಬರು ಕಟ್ಟಿಕೊಟ್ಟ ಸಂವಿಧಾನದ 22ನೇ ವಿಧಿಯಲ್ಲಿದೆ. ಪುಸ್ತಕದಲ್ಲಿದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಹುಡುಗನ ಕಿವಿಗೆ ಅದು ಮುಟ್ಟುವುದು ಯಾವಾಗ?

ಜಾಮೀನು ಅಂದ ಕೂಡಲೇ ಜಾತಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಜಾಮೀನುದಾರ ಬೇಕು. ಅವನ ಕೈಲಿ ಪಹಣಿ ಬೇಕು. ತುಂಡು ಭೂಮಿಯೂ ಇಲ್ಲದವನ ನೆಂಟನ ಕೈಲಿ ಪಹಣಿ ಎಲ್ಲಿಂದ ಬರಬೇಕು? ಗೌಡರ ಮನೆಗೆ ಹೋಗಿ ಕೈಕಟ್ಟಿ ನಿಲ್ಲಬೇಕು, ಪಹಣಿಯ ಜೊತೆಗೆ ಋಣವನ್ನೂ ಹೊತ್ತು ಬರಬೇಕು. 1978ರಲ್ಲಿ ಮೋತಿರಾಮ್ ಅನ್ನುವ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಳ್ಳಿಹಾಕಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತರಾಟೆಗೆ ತೆಗೆದುಕೊಂಡು, ಬಡವನನ್ನು ಅವನ ಮುಚ್ಚಳಿಕೆಯ ಮೇಲೆಯೇ ಬಿಡಬಹುದು ಎಂದರು. ಜಾಮೀನು ಸಿಕ್ಕೂ 7 ದಿನದಲ್ಲಿ ಹೊರಬರಲಾಗದವನ ವಿಷಯವನ್ನು ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಬೇಕಾಯಿತು. ನಲವತ್ತೈದು ವರ್ಷ ಕಳೆದರೂ ಅದೇ ಮಾತು ಮತ್ತೆ ಹೇಳಬೇಕಾದರೆ, ಹೇಳಿದ್ದು ಯಾರಿಗೂ ಕೇಳಿಲ್ಲ ಅಂತಲೇ ಅರ್ಥ. 2022ರ ಕೊನೆಯಲ್ಲಿ ಈ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ಇನ್ನೂ ಶಿಕ್ಷೆಯೇ ಆಗದ ವಿಚಾರಣಾಧೀನ ಕೈದಿಗಳು.

ಸಿರಿವಂತರ ಮಾತೂ ಕೇಳಿ. 2021ರ ಅಕ್ಟೋಬರ್ 3ರಂದು ಮುಂಬಯಿಯಲ್ಲಿ ನಟ ಶಾರುಖ್ ಖಾನರ ಮಗನನ್ನು ಬಂಧಿಸಿದರು. ಅವನ ಬಳಿ ಏನೂ ಸಿಕ್ಕಿರಲಿಲ್ಲ. ದೇಶದ ದೊಡ್ಡ ದೊಡ್ಡ ವಕೀಲರು ಬಂದು ನಿಂತರೂ ಹೊರಬರಲು ಮೂರು ವಾರ ದಾಟಿತು. 2022ರ ಮೇ ತಿಂಗಳಲ್ಲಿ ಸಾಕ್ಷ್ಯ ಇಲ್ಲ ಅಂತ ಅವನ ಹೆಸರನ್ನೇ ಕೈಬಿಟ್ಟರು. ಅವನಿಗಾದದ್ದು ಅನ್ಯಾಯವೇ. ಆದರೆ ಅಷ್ಟು ಹಣ, ಅಷ್ಟು ಹೆಸರಿನವನ ಗತಿ ಇದಾದರೆ ಸೋಗಾನೆ ಜೈಲಿನ ಗೋಡೆಯಾಚೆ ಯಾವ ಕ್ಯಾಮೆರಾವೂ ಕಾಯದ ನಮ್ಮ ಹುಡುಗನ ಗತಿ ಏನು?

ಇಷ್ಟೆಲ್ಲ ಸುಸ್ತಾದ ಮೇಲೆ ಬರುತ್ತದೆ ಆ ಉಪದೇಶ. ‘ಒಪ್ಕೊ, ಫೈನ್ ಕಟ್ಟು.’ ವಾಯಿದೆಗೆ ವಾಯಿದೆ, ಪ್ರತಿ ವಾಯಿದೆಗೆ ಒಂದು ದಿನದ ಕೂಲಿ ಖೋತಾ. ವಕೀಲರ ಫೀಸು ಬೇರೆ. ಐದೋ ಹತ್ತೋ ಸಾವಿರ ಬಡ್ಡಿಗೆ ತಂದು ಕಟ್ಟಿದರೆ ಪೀಡೆ ತೊಲಗಿತು ಅನಿಸುತ್ತದೆ. ಅನಿಸಲೆಂದೇ ಈ ವ್ಯವಸ್ಥೆ ಹೀಗಿದೆ. ಆದರೆ ದಂಡ ಕಟ್ಟಿದ್ದು ಬಿಡುಗಡೆ ಅಲ್ಲ, ಅದು ಶಿಕ್ಷೆ. ಅಪರಾಧಿ ಅನ್ನುವ ಮುದ್ರೆ. ಮುಂದೊಮ್ಮೆ ಸಿಕ್ಕಿಬಿದ್ದರೆ 31ನೇ ಕಲಮಿನಂತೆ ಗರಿಷ್ಠ ಸಜೆ ಒಂದೂವರೆ ಪಟ್ಟಾಗುತ್ತದೆ. ಇದೇ ಕರ್ನಾಟಕದಲ್ಲಿ 1985ರಲ್ಲೇ ಬಂದ ಗೂಂಡಾ ಕಾಯಿದೆಯ ಪಟ್ಟಿಯಲ್ಲಿ ಕಳ್ಳಭಟ್ಟಿಯವರು, ಜೂಜುಕೋರರು, ಗೂಂಡಾಗಳ ಸಾಲಿಗೇ ಮಾದಕ ದ್ರವ್ಯ ಅಪರಾಧಿಯೂ ಇದ್ದಾನೆ, ವಿಚಾರಣೆ ಇಲ್ಲದೆ 1 ವರ್ಷದವರೆಗೆ ಒಳಗಿಡಬಹುದು.

ಆಮೇಲೆ ಕೆಲಸದ ಅರ್ಜಿ. ಪೊಲೀಸ್ ಪೇದೆಯೋ, ರೈಲ್ವೆಯೋ, ಗುಮಾಸ್ತನೋ, ನಮ್ಮ ಹುಡುಗರಿಗೆ ಮೀಸಲಾತಿ ತೆರೆದ ಬಾಗಿಲು ಸರ್ಕಾರಿ ಕೆಲಸ ಒಂದೇ. ಅಲ್ಲಿನ ಫಾರಂ ಕೇಳುತ್ತದೆ: ನಿನ್ನ ಬಂಧನವಾಗಿತ್ತೆ? ಕೇಸಿದೆಯೆ? ಶಿಕ್ಷೆಯಾಗಿದೆಯೆ? ಇದ್ದದ್ದನ್ನು ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಕೆಲಸ ತೆಗೆಯಲು ಕಾರಣವಾಗಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿದೆ. ಎಳೆ ವಯಸ್ಸಿನ ಚಿಲ್ಲರೆ ತಪ್ಪಾಗಿದ್ದರೆ ಮಾಲೀಕ ಕ್ಷಮಿಸಬಹುದು ಅಂತಲೂ ಹೇಳಿದೆ. ಕ್ಷಮಿಸಲೇಬೇಕು ಅಂತ ಹೇಳಿಲ್ಲ. ಗಲ್ಫಿಗಾದರೂ ಹೋಗೋಣ ಅಂದರೆ, ಕೇಸು ಬಾಕಿ ಇರುವಷ್ಟು ದಿನ 1967ರ ಪಾಸ್‌ಪೋರ್ಟ್ ಕಾಯಿದೆ ಕೋರ್ಟಿನ ಅಪ್ಪಣೆ ತಾ ಅನ್ನುತ್ತದೆ. ಹತ್ತು ಗ್ರಾಂ ಸೊಪ್ಪು ಸುಟ್ಟು ಬೂದಿಯಾಗಿ ವರ್ಷಗಳಾದರೂ ಆ ಕಾಗದ ಸುಡುವುದಿಲ್ಲ. 1976ರಲ್ಲಿ ಕಾನೂನು ಮಾಡಿ ಜೀತ ರದ್ದು ಮಾಡಿದೆವು ಅಂದರು. ಈ ಜೀತಕ್ಕೆ ಯಾವ ಕಾನೂನು?

‘ಸಂಸ್ಕಾರ ಇಲ್ಲದ ಹುಡುಗರು’ ಅನ್ನುವ ಸಜ್ಜನರಿಗೆ ಒಂದು ಮಾತು. 2007ರ ಜುಲೈಯಲ್ಲಿ ಬಡವನ ಸಾರಾಯಿ ಪ್ಯಾಕೆಟ್ ನಿಷೇಧಿಸಿದ ಸರ್ಕಾರವೇ ಎಂಎಸ್‌ಐಎಲ್ ಬೋರ್ಡು ಹಾಕಿ ಬಾಟಲಿ ಮಾರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಏಮ್ಸ್ ವೈದ್ಯರಿಂದ ಮಾಡಿಸಿದ ಸಮೀಕ್ಷೆಯಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ, ಭಾಂಗ್, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು ಸುಮಾರು 3 ಕೋಟಿ. ಹೆಚ್ಚು ಮನೆ ಮುರಿದದ್ದು ಯಾವುದು, ಕೇರಿಯ ಹೆಂಗಸರನ್ನು ಕೇಳಿ. ಅದೇ ಗಿಡದ ಎಲೆ ಅರೆದ ಭಾಂಗ್ ಉತ್ತರದ ಊರುಗಳಲ್ಲಿ ಪರವಾನಗಿ ಅಂಗಡಿಯಲ್ಲಿ ಸಿಗುತ್ತದೆ, ಹೋಳಿಗೆ ಪ್ರಸಾದವಾಗುತ್ತದೆ. ಮೇಲಿನವರು ಕುಡಿದರೆ ಸಂಪ್ರದಾಯ, ಕೆಳಗಿನವರು ಸೇದಿದರೆ ಅಪರಾಧ. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳ ಬಂಧನವಾದಾಗ ಪೇಟೆಯೆಲ್ಲ ‘ಅಯ್ಯೋ, ಓದೋ ಮಕ್ಕಳು’ ಅಂತ ಮರುಗಿತು. ನಮ್ಮವರೂ ಓದೋ ಮಕ್ಕಳೇ. ಅವರಿಗೆ ಆ ‘ಅಯ್ಯೋ’ ಯಾಕಿಲ್ಲ?

ಭದ್ರಾವತಿಯ ಹುಡುಗರ ಕೈಯಲ್ಲಿ ಕೆಲಸ ಇದ್ದ ಕಾಲವಿತ್ತು. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಎರಡು ಚಿಮಣಿಗಳ ಹೊಗೆಯಲ್ಲಿ ಊರು ಅನ್ನ ಉಂಡಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಗೇಟಿನ ಮುಂದೆ ಕೂತು ಅದಕ್ಕೆ ಎದುರು ನಿಂತರು. ಚಿಮಣಿಯ ಹೊಗೆ ನಿಲ್ಲಿಸಿದವರ ಮೇಲೆ ಯಾವ ಕೇಸೂ ಇಲ್ಲ. ಹುಡುಗನ ಬಾಯಿಯ ಹೊಗೆಗೆ ಮಾತ್ರ ಕೇಸು.

ಹಾಗಾದರೆ ಏನು ಮಾಡಬೇಕು? ಹುಡುಗರಿಗೆ ಹೇಳಿ: ಸೊಪ್ಪಿನ ಹತ್ತಿರ ಹೋಗಬೇಡಿ, ಇನ್ನೊಬ್ಬರ ಚೀಲ ಹೊರಬೇಡಿ. ಸಿಕ್ಕಿಬಿದ್ದರೆ ಓದದೆ ಸಹಿ ಹಾಕಬೇಡಿ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ, ಆದರೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡ ಮಾತು ಶಿಕ್ಷೆಯೇ ಆಗುತ್ತದೆ. ವಕೀಲರನ್ನು ಕಾಣದೆ ಅಲ್ಲಿ ‘ಹೌದು ಸ್ವಾಮಿ’ ಅನ್ನಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕು. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ, 15100ಕ್ಕೆ ಫೋನು ಮಾಡಿ. ಇದು ಭಿಕ್ಷೆಯಲ್ಲ, ಹಕ್ಕು. ವಕೀಲರನ್ನು ನಾಲ್ಕು ಪ್ರಶ್ನೆ ಕೇಳಿ: ಯಾವ ಕಲಮು ಹಾಕಿದ್ದಾರೆ, 20ಓ 27ಓ? ತೂಕ ಎಷ್ಟು, ಏನನ್ನು ತೂಗಿದರು? ಪ್ರೊಬೇಷನ್ ಕೇಳಬಹುದೆ? ಚಟ ಹತ್ತಿದ್ದರೆ 64ಎ ಚಿಕಿತ್ಸೆ ಕೇಳಬಹುದೆ? ಚಟ ಬಿಡಿಸಲು 14446 ಅನ್ನುವ ಸರ್ಕಾರದ ಸಹಾಯವಾಣಿಯೂ ಇದೆ.

ಮೇಷ್ಟ್ರುಗಳೇ, ಕೇಸು ಬಿದ್ದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುವ ಮೊದಲ ಕೈ ನಿಮ್ಮದಾಗದಿರಲಿ. ಕೇಸು ಅಂದರೆ ಆರೋಪ, ತೀರ್ಪಲ್ಲ. ಕಾಲೇಜಿನಿಂದ, ಹಾಸ್ಟೆಲಿನಿಂದ ಹೊರಹಾಕಿದ ಹುಡುಗನಿಗೆ ತೆರೆದಿರುವ ಬಾಗಿಲು ಯಾವುದು ಅಂತ ನಿಮಗೇ ಗೊತ್ತು. ಸೊಪ್ಪು ಮಾರುವವನ ಬಾಗಿಲು.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಸ್ಪಷ್ಟವಾಗಿದೆ. ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆದು ಚಿಕಿತ್ಸೆಯ ಪಟ್ಟಿಗೆ ಸೇರಿಸಿ ಅಂತ 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿ. 33ನೇ ಕಲಮಿನ ಅಡ್ಡಗೋಡೆ ಬೀಳಲಿ, ಮೊದಲ ಸಲದ ಸಣ್ಣ ಕೇಸಿಗೆಲ್ಲ ಪ್ರೊಬೇಷನ್ ಸಿಗಲಿ. ಪ್ರತಿ ಠಾಣೆಯ ಗೋಡೆಯ ಮೇಲೆ 50ನೇ ಕಲಮಿನ ಹಕ್ಕನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಲಿ. ಪೊಟ್ಟಣ ಕೊಂಡವನನ್ನು ಬಿಟ್ಟು ಮೂಟೆ ಸಾಗಿಸಿದವನನ್ನು ಹಿಡಿಯಲಿ.

ಸರ್ಕಾರ ಕೇಳುವವರೆಗೆ ನಾವು ಕಾಯಬೇಕಿಲ್ಲ. ಭದ್ರಾವತಿ ಅಂದರೆ ಪ್ರೊ. ಬಿ. ಕೃಷ್ಣಪ್ಪನವರು ಕನ್ನಡ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದ ಊರು. ಆ ಊರಿನ ಹುಡುಗನೊಬ್ಬ ಕೋರ್ಟಿನ ಕಟಕಟೆಯಲ್ಲಿ ಒಂಟಿಯಾಗಿ ನಿಂತು, ಏನಂತ ತಿಳಿಯದೆ ‘ಹೌದು ಸ್ವಾಮಿ’ ಅಂದರೆ ಅದು ಚಳುವಳಿಯ ಸೋಲು. ಪ್ರತಿ ಕೇರಿಯಲ್ಲೂ ಇಬ್ಬರು ಈ ಕಲಮುಗಳನ್ನು ಕಲಿಯಲಿ. ಸ್ಟೇಷನ್ನಿಗೆ ಹುಡುಗನ ಜೊತೆ ಅವ್ವ ಒಬ್ಬಳೇ ಹೋಗದಿರಲಿ. ಅವಳ ಪಕ್ಕದಲ್ಲಿ ನಾವು ನಿಲ್ಲೋಣ, ಕೈಯಲ್ಲಿ ಕಾನೂನಿನ ಪುಸ್ತಕ ಹಿಡಿದು.